ಹಾಲುಹಲ್ಲು ಕೀಳುವ ಮುನ್ನ

(ಗ್ರಾಮದ ತಂದೆತಾಯಿಗಳ ಸಭೆಯಲ್ಲಿ ಮಾಡಿದ ಭಾಷಣ)



“ಹಾಲುಹಲ್ಲು ತಾನೇ, ಹೇಗಿದ್ದರೂ ಬೀಳುವಂಥದು, ಕಿತ್ತುಬಿಟ್ಟರಾಯಿತು” ಎಂಬ ಮಾತನ್ನು ಹಳ್ಳಿಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಮ್ಮ ಮುಂದೆ ಇಡುತ್ತೇನೆ.

ಹೊಲದ ಗಡಿಕಲ್ಲನ್ನು ಕಿತ್ತರೆ ಏನಾಗುವುದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಪಕ್ಕದವನ ನೇಗಿಲು ವರ್ಷಕ್ಕೊಂದು ಸಾಲು ಒಳಗೆ ಬರುತ್ತದೆ. ಬಾಯಲ್ಲಿಯೂ ಹಾಗೆಯೇ. ಮಗುವಿಗೆ 20 ಹಾಲುಹಲ್ಲುಗಳು. ಒಂದೊಂದೂ ಒಸಡಿನೊಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗಾಗಿ ಜಾಗ ಕಾಯುತ್ತದೆ. ಮುಂದಿನವು ಸುಮಾರು 6-7ನೇ ವರ್ಷಕ್ಕೆ ಬೀಳಲಾರಂಭಿಸುತ್ತವೆ. ದವಡೆಯವು ಸುಮಾರು 10-12ರವರೆಗೆ ಇರತಕ್ಕವು. ದವಡೆ ಹಲ್ಲನ್ನು ನಾಲ್ಕೈದು ವರ್ಷ ಮೊದಲೇ ಕಿತ್ತರೆ ನೆರೆಯ ಹಲ್ಲು ಆ ಜಾಗಕ್ಕೆ ವಾಲಬಹುದು. ಆಗ ಹೊಸ ಹಲ್ಲು ಸೊಟ್ಟಗೆ ಬರುತ್ತದೆ, ಇಲ್ಲವೆ ಒಸಡಿನೊಳಗೇ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ಮಾತು. ಆರನೆಯ ವರ್ಷದ ಸುಮಾರಿಗೆ ಎಲ್ಲಕ್ಕಿಂತ ಹಿಂದೆ ಹುಟ್ಟುವ ದವಡೆ ಹಲ್ಲು ಹಾಲುಹಲ್ಲಲ್ಲ. ಅದಕ್ಕಾಗಿ ಯಾವ ಹಲ್ಲೂ ಬೀಳದಿರುವುದರಿಂದ ಅನೇಕರು ಮೋಸಹೋಗುತ್ತಾರೆ. ಅದನ್ನು ಕಳೆದುಕೊಂಡರೆ ಮತ್ತೊಂದು ಹುಟ್ಟದು.

ಹಾಗೆಂದು ಕೀಳಿಸಲೇ ಬಾರದೆಂದಲ್ಲ. ಹುಳುಕು ಆಳಕ್ಕಿಳಿದು, ಬೇರಿನಲ್ಲಿ ಕೀವಾಗಿ, ಉಳಿಸಲು ಬಾರದಂತಾದರೆ ವೈದ್ಯರಿಂದ ಕೀಳಿಸುವುದೇ ಮೇಲು. ಅಂತಹ ಮಗು ಉಣ್ಣಲಾರದು, ನಿದ್ರಿಸಲಾರದು. ಕೀವು ಒಳಗಿನ ಹೊಸ ಹಲ್ಲನ್ನೂ ಕೆಡಿಸಬಹುದು. ಕೆನ್ನೆ ಊದಿ ಜ್ವರ ಬಂದರೆ ಸಂತೆ, ಸುಗ್ಗಿ ಎಂದು ದಿನ ನೂಕಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಹಲ್ಲಿನ ಹುಳು ತೆಗೆಯುತ್ತೇವೆಂದು ಹೊಗೆ ಹಾಕುವವರನ್ನು ನಂಬಬೇಡಿ. ಅಲ್ಲಿ ಹುಳುವಿಲ್ಲ. ಬೆಲ್ಲ, ಸಕ್ಕರೆಯ ಅಂಟನ್ನು ಹುಳಿಯಾಗಿಸುವ ಸೂಕ್ಷ್ಮಾಣುಗಳೇ ಹಲ್ಲನ್ನು ಕರಗಿಸುತ್ತವೆ. ಆದುದರಿಂದ ರಾತ್ರಿ ಮಲಗುವ ಮುನ್ನ ತಪ್ಪದೆ ಹಲ್ಲುಜ್ಜಿಸಿರಿ.

ಕೀಳಿಸಿದ ಮೇಲೆ ವೈದ್ಯರು ಇಟ್ಟ ಹತ್ತಿಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯುವಂತೆ ಮಾಡಿರಿ. ಮರಗಟ್ಟಿದ ತುಟಿಯನ್ನು ಮಗು ಅಗಿದುಕೊಳ್ಳದಂತೆ ಎರಡು ಮೂರು ಗಂಟೆ ಕಣ್ಣಿಟ್ಟಿರಿ. ಆ ದಿನ ಆರಿದ ಗಂಜಿ, ಮೊಸರನ್ನ ಸಾಕು. “ಜಾಗ ಕಾಯುವ ತಂತಿ ಹಾಕಬೇಕೇ?” ಎಂದು ವೈದ್ಯರನ್ನು ಕೇಳಲು ಮರೆಯಬೇಡಿ. ಗಡಿಕಲ್ಲು ಹೋದಲ್ಲಿ ಗೂಟ ನೆಟ್ಟಂತೆ ಅದು.

ಕಾಲ ಬಂದು ಅಲ್ಲಾಡುವ ಹಲ್ಲಿಗೆ ದಾರ ಕಟ್ಟಿ ಎಳೆಯುವುದೂ ಬೇಡ. ಹೊಸ ಹಲ್ಲು ಬರುತ್ತಿದ್ದಂತೆ ಹಳೆಯದರ ಬೇರು ಕರಗಿ, ಅದು ತಾನಾಗಿ ಬೀಳುತ್ತದೆ. ಆಗ ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ಸಂತೋಷ ಮಗುವಿನದಾಗಲಿ.