ಏಳರಲ್ಲಿ ಮೊದಲನೆಯದು ಯಾವುದು?

ಏಳು ಪುಸ್ತಕಗಳಿರುವ ಒಂದು ಪೆಟ್ಟಿಗೆಯನ್ನು ತಂದು ಮಗುವಿನ ಕೈಗೆ ಕೊಟ್ಟರೆ ಅದು ಯಾವ ಪುಸ್ತಕವನ್ನು ಮೊದಲು ತೆಗೆಯುತ್ತದೆ? 1 ಎಂದು ಅಚ್ಚಾಗಿರುವುದನ್ನು. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಪೆಟ್ಟಿಗೆ ಕೊಂಡು ತಂದ ಅಪ್ಪ ಅಮ್ಮಂದಿರೂ ಅದನ್ನೇ ಮಾಡುತ್ತಾರೆ. ಆದರೆ ಸಿ.ಎಸ್. ಲೂಯಿಸ್ ಬರೆದ ನಾರ್ನಿಯಾ ಕಥೆಗಳ ಈಚಿನ ಮುದ್ರಣಗಳಲ್ಲಿ 1 ಎಂಬ ಅಂಕಿ ಹೊತ್ತ ಪುಸ್ತಕ ಮೊದಲು ಪ್ರಕಟವಾದದ್ದಲ್ಲ, ಆರನೆಯದಾಗಿ ಪ್ರಕಟವಾದದ್ದು. ಮೊದಲು ಬಂದ ಪುಸ್ತಕ ಅಲ್ಲಿ ಎರಡನೆಯ ಸ್ಥಾನಕ್ಕೆ ಸರಿದಿದೆ.

ಇದೊಂದು ದೊಡ್ಡ ವಿಷಯವೇ ಎಂದು ಕೇಳುವವರು ಉಂಟು. ಪತ್ತೇದಾರಿ ಕಾದಂಬರಿಯನ್ನು ಅರ್ಧ ಓದಿದವನಿಗೆ ಕೊಲೆಗಾರ ಯಾರೆಂದು ಹೇಳಿಬಿಟ್ಟರೆ ಅವನು ಜಗಳಕ್ಕೇ ಬರುತ್ತಾನೆ. ಫ್ಯಾಂಟಸಿ ಎಂದು ಕರೆಯುವ ಕಲ್ಪನಾಲೋಕದ ಕಾದಂಬರಿಗಳಲ್ಲಿ ಹೀಗೆ ಮುಚ್ಚಿಡಬೇಕಾದ ಹೆಸರು ಇರಲಿಕ್ಕಿಲ್ಲ. ಅಲ್ಲಿ ಬಯಲಾಗಬೇಕಾದ ಗುಟ್ಟು ಎಂದರೆ ಆ ಲೋಕವೇ. ಅದರ ಬೆಟ್ಟ ಕಣಿವೆಗಳು, ಅದರ ಹಳೆಯ ದ್ವೇಷಗಳು, ಅಲ್ಲಿ ಮಂತ್ರ ನಡೆಯುವ ರೀತಿ, ಎಲ್ಲವೂ ಓದುಗನಿಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತ ಹೋಗಬೇಕು. ಮೊದಲ ಓದು ಸಿಗುವುದು ಒಂದೇ ಸಲ. ಅದು ಕೆಟ್ಟರೆ ಅಂಗಡಿಯವನು ಬದಲಾಯಿಸಿ ಕೊಡುವುದಿಲ್ಲ.

1950ರಲ್ಲಿ ಪ್ರಕಟವಾದ 'ದ ಲಯನ್, ದ ವಿಚ್ ಅಂಡ್ ದ ವಾರ್ಡ್‌ರೋಬ್' ಹೇಗೆ ಆರಂಭವಾಗುತ್ತದೆ ನೋಡಿ. ಯುದ್ಧಕಾಲ. ಲಂಡನ್ನಿನ ಮೇಲೆ ಬಾಂಬು ಬೀಳುವ ಭಯದಿಂದ ನಾಲ್ವರು ಮಕ್ಕಳನ್ನು ಹಳ್ಳಿಗಾಡಿನಲ್ಲಿರುವ ಮುದಿ ಪ್ರೊಫೆಸರರೊಬ್ಬರ ಮನೆಗೆ ಕಳಿಸಿದ್ದಾರೆ. ಮಳೆ ಹಿಡಿದ ದಿನ ಮನೆಯ ಕೋಣೆಗಳನ್ನೆಲ್ಲ ಸುತ್ತುತ್ತ, ಕಿರಿಯವಳಾದ ಲೂಸಿ ಒಂದು ಬಟ್ಟೆಯ ಬೀರುವಿನೊಳಗೆ ಹೋಗುತ್ತಾಳೆ. ತುಪ್ಪಳದ ಕೋಟುಗಳನ್ನು ಸರಿಸುತ್ತ ಸರಿಸುತ್ತ ಮುಂದೆ ಹೋದರೆ ಕಾಲಡಿಗೆ ಹಿಮ, ಮುಖಕ್ಕೆ ಮರದ ಕೊಂಬೆ. ಕತ್ತಲ ಕಾಡಿನ ನಡುವೆ ಒಂಟಿಯಾಗಿ ಉರಿಯುತ್ತಿರುವ ಒಂದು ದೀಪದ ಕಂಬ. ಕೊಡೆ ಹಿಡಿದು ಬರುವ, ಮೇಕೆಯ ಕಾಲಿನ ಒಬ್ಬ ವ್ಯಕ್ತಿ. ಕಾಡಿನ ನಡುವೆ ಪೇಟೆಯ ದೀಪದ ಕಂಬ ಏಕಿದೆ? ಯಾರು ನೆಟ್ಟರು? ಲೂಸಿಗೂ ಗೊತ್ತಿಲ್ಲ, ಓದುಗನಿಗೂ ಗೊತ್ತಿಲ್ಲ. ಹೀಗೆ ಇಬ್ಬರಿಗೂ ಗೊತ್ತಿಲ್ಲದಿರುವುದೇ ಆ ಪುಸ್ತಕದ ಜೀವ. ಅಸ್ಲಾನ್ ಎಂಬ ಸಿಂಹದ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗಲೂ ಹಾಗೆಯೇ. ಅದು ಯಾರ ಹೆಸರೆಂದು ತಿಳಿಯದಿದ್ದರೂ ಮಕ್ಕಳ ಎದೆಯಲ್ಲಿ ಏನೋ ಆಗುತ್ತದೆ.

ಐದು ವರ್ಷಗಳ ನಂತರ, 1955ರಲ್ಲಿ ಬಂದ 'ದ ಮೆಜಿಷಿಯನ್ಸ್ ನೆಫ್ಯೂ' ಇವೆಲ್ಲಕ್ಕೂ ಉತ್ತರ ಕೊಡುತ್ತದೆ. ಅಸ್ಲಾನ್ ಹಾಡುತ್ತ ಹಾಡುತ್ತ ನಾರ್ನಿಯಾ ಹುಟ್ಟುತ್ತದೆ. ಲಂಡನ್ನಿನ ದೀಪದ ಕಂಬದಿಂದ ಕಿತ್ತು ತಂದ ಕಬ್ಬಿಣದ ತುಂಡೊಂದನ್ನು ಮಾಟಗಾತಿ ಸಿಂಹದತ್ತ ಎಸೆಯುತ್ತಾಳೆ. ಹೊಸ ಮಣ್ಣಿನಲ್ಲಿ ಅದು ಸಸಿಯಂತೆ ಚಿಗುರಿ ಕಂಬವಾಗಿ ಬೆಳೆಯುತ್ತದೆ! ಆ ಬೀರುವಿನ ಮರ ಯಾವುದು, ಮುದಿ ಪ್ರೊಫೆಸರರು ಲೂಸಿಯ ಮಾತನ್ನು ಅಷ್ಟು ಸುಲಭವಾಗಿ ನಂಬಿದ್ದೇಕೆ ಎಂಬುದೂ ಇಲ್ಲಿ ತಿಳಿಯುತ್ತದೆ. ಐದು ಪುಸ್ತಕ ಓದಿ ಬಂದವನಿಗೆ ಇದು ಹಬ್ಬದೂಟ. ಮೊದಲ ಎಲೆಗೇ ಇದನ್ನು ಬಡಿಸಿದರೆ, ಕೇಳದ ಪ್ರಶ್ನೆಗೆ ಉತ್ತರ ಹೇಳಿದ ಹಾಗೆ.

ಹಾಗಾದರೆ ಅಂಕಿಗಳನ್ನು ಬದಲಿಸಿದವರು ಯಾರು? ಇದರ ಹಿಂದೆ ಒಂದು ಪತ್ರವಿದೆ. 1957ರಲ್ಲಿ ಅಮೆರಿಕದ ಒಬ್ಬ ಹುಡುಗ ಲೂಯಿಸರಿಗೆ ಬರೆದ. ಕಥೆಯೊಳಗಿನ ಕಾಲಕ್ರಮದಲ್ಲಿ ಓದಬೇಕೆಂದು ಅವನ ವಾದ, ಪ್ರಕಟವಾದ ಕ್ರಮವೇ ಸರಿ ಎಂದು ಅವನ ತಾಯಿಯ ವಾದ. ಲೂಯಿಸರು ಮಗನ ಕಡೆಗೇ ವಾಲಿದರು. ಮೊದಲ ಪುಸ್ತಕ ಬರೆಯುವಾಗ ಎರಡನೆಯದರ ಯೋಚನೆಯೇ ಇರಲಿಲ್ಲ, ಮೂರನೆಯದು ಮುಗಿದಾಗ ಇದೇ ಕೊನೆಯದೆಂದು ತಿಳಿದಿದ್ದೆ ಎಂದು ವಿವರಿಸಿ, ಯಾವ ಕ್ರಮದಲ್ಲಿ ಓದಿದರೂ ಅಂಥ ವ್ಯತ್ಯಾಸವಾಗಲಿಕ್ಕಿಲ್ಲ ಎಂಬರ್ಥದ ಮಾತನ್ನೂ ಸೇರಿಸಿದರು. ಒಬ್ಬ ಸಜ್ಜನ ಲೇಖಕ ಮಗುವಿಗೆ ಬರೆದ ಉತ್ತರ ಅದು. 1963ರಲ್ಲಿ ಲೂಯಿಸರು ತೀರಿಕೊಂಡರು. ಮುಂದೆ 1994ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ ಸಂಸ್ಥೆ ಲೇಖಕರ ಇಚ್ಛೆ ಎಂಬ ಆಧಾರದ ಮೇಲೆ ಕಾಲಕ್ರಮದ ಅಂಕಿಗಳನ್ನೇ ಅಚ್ಚು ಹಾಕಿತು. ತಾಯಿ ಮಗನ ವಾದ ಅಲ್ಲಿಗೆ ಮುಗಿಯಬೇಕಿತ್ತು, ಮುಗಿದಿಲ್ಲ. ತನ್ನ ಪುಸ್ತಕದ ಬಗ್ಗೆ ಲೇಖಕನ ಮಾತೇ ಕೊನೆಯ ಮಾತು ಎನ್ನಲಾಗದು. ಬರೆದವನಿಗೆ ತನ್ನ ಪುಸ್ತಕವನ್ನು ಮೊದಲ ಸಲ ಓದುವ ಭಾಗ್ಯವೇ ಇಲ್ಲವಲ್ಲ! ಈ ಜಗಳದಲ್ಲಿ ತಾಯಿಯೇ ಸರಿ.

ಪೆಟ್ಟಿಗೆ ಆಗಲೇ ಮನೆಗೆ ಬಂದಿದ್ದರೆ ಚಿಂತಿಸಬೇಕಾಗಿಲ್ಲ. ಅಂಕಿಗಳನ್ನು ಮರೆತು 'ದ ಲಯನ್...' ಮೊದಲು, ನಂತರ 'ಪ್ರಿನ್ಸ್ ಕ್ಯಾಸ್ಪಿಯನ್', 'ದ ವಾಯೇಜ್ ಆಫ್ ದ ಡಾನ್ ಟ್ರೆಡರ್', 'ದ ಸಿಲ್ವರ್ ಚೇರ್', 'ದ ಹಾರ್ಸ್ ಅಂಡ್ ಹಿಸ್ ಬಾಯ್', ಆಮೇಲೆ 'ದ ಮೆಜಿಷಿಯನ್ಸ್ ನೆಫ್ಯೂ', ಕಡೆಗೆ 1956ರ 'ದ ಲಾಸ್ಟ್ ಬ್ಯಾಟಲ್' ಎಂದು ಜೋಡಿಸಿಟ್ಟುಕೊಂಡರಾಯಿತು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು ಸಹಜ. ಯಕ್ಷಗಾನ ನೋಡುವವರು ಇಂದು ಅಭಿಮನ್ಯು ಕಾಳಗ ನೋಡುತ್ತಾರೆ, ನಾಳೆ ದ್ರೌಪದಿ ಸ್ವಯಂವರ ನೋಡುತ್ತಾರೆ. ಕ್ರಮ ತಪ್ಪಿತೆಂದು ಯಾರೂ ಎದ್ದು ಹೋದದ್ದಿಲ್ಲ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಇದರ ಕಾರಣವನ್ನು ಹೇಳಿದ್ದಾರೆ: ಈ ದೇಶದಲ್ಲಿ ಮಹಾಭಾರತವನ್ನು ಯಾರೂ ಮೊದಲ ಸಲ ಓದುವುದಿಲ್ಲ. ಪುಸ್ತಕ ಕೈಗೆ ಬರುವ ಮೊದಲೇ ಕಥೆ ಕಿವಿಗೆ ಬಂದಿರುತ್ತದೆ. ಚಕ್ರವ್ಯೂಹ ಹೊಕ್ಕ ಹುಡುಗ ಹೊರಗೆ ಬರುವುದಿಲ್ಲವೆಂದು ಗೊತ್ತಿದ್ದೇ ಜನ ರಾತ್ರಿಯಿಡೀ ಕೂರುತ್ತಾರೆ. ನಾರ್ನಿಯಾಕ್ಕೆ ಅಂಥ ಅಜ್ಜಿಯರ ಬಳಗವಿಲ್ಲ. ಅಲ್ಲಿಗೆ ಹೋಗುವವನು ಏನೂ ತಿಳಿಯದೆ ಹೋಗುತ್ತಾನೆ. ಇನ್ನೊಂದು ವಿಶೇಷವೆಂದರೆ, ಮಹಾಭಾರತವೂ ಕುರುವಂಶದ ಹುಟ್ಟಿನಿಂದ ಆರಂಭವಾಗುವುದಿಲ್ಲ. ನೈಮಿಷಾರಣ್ಯಕ್ಕೆ ಬಂದ ಸೂತ ಹೇಳುವುದು ಅರ್ಜುನನ ಮರಿಮಗ ಜನಮೇಜಯನ ಸರ್ಪಯಾಗದಲ್ಲಿ ತಾನು ಕೇಳಿ ಬಂದ ಕಥೆಯನ್ನು. ಎಲ್ಲ ಮುಗಿದ ಮೇಲಿನ ಕಾಲದಲ್ಲಿ ನಿಂತು ಕಥೆ ಹಿಂದಕ್ಕೆ ಹೋಗುತ್ತದೆ. ಕಾಲಕ್ರಮ ಬೇರೆ, ಹೇಳುವ ಕ್ರಮ ಬೇರೆ ಎಂಬುದು ಇಲ್ಲಿಯವರಿಗೆ ಹೊಸ ಪಾಠವೇನಲ್ಲ.

ಲೂಯಿಸರ ಆಕ್ಸ್‌ಫರ್ಡಿನ ಗೆಳೆಯ ಜೆ.ಆರ್.ಆರ್. ಟೋಲ್ಕಿನ್ ಅವರ ವಿಷಯದಲ್ಲಿ ಈ ಗೋಜಲು ಇನ್ನೂ ಸೊಗಸಾಗಿದೆ. ಅವರ 'ಸಿಲ್ಮರಿಲಿಯನ್' ಲೋಕದ ಸೃಷ್ಟಿಯಿಂದ ತೊಡಗುವ ಪುರಾಣ. ಕಥೆಯ ಕಾಲದಲ್ಲಿ ಅದೇ ಮೊದಲು. ಬರೆಯತೊಡಗಿದ್ದೂ ಅದನ್ನೇ ಮೊದಲು, ಒಂದನೆಯ ಮಹಾಯುದ್ಧದ ದಿನಗಳಲ್ಲಿ. ಆದರೆ ಅದು ಅಚ್ಚಾದದ್ದು 1977ರಲ್ಲಿ, ಲೇಖಕರು ತೀರಿಕೊಂಡ ನಾಲ್ಕು ವರ್ಷಗಳ ನಂತರ, ಮಗ ಕ್ರಿಸ್ಟೋಫರ್ ಹಸ್ತಪ್ರತಿಗಳನ್ನು ಒಟ್ಟುಗೂಡಿಸಿದ ಮೇಲೆ. ನಡುವೆ 1937ರಲ್ಲಿ ಮಕ್ಕಳಿಗಾಗಿ ಬರೆದ 'ದ ಹಾಬಿಟ್' ಬಂತು. ಪ್ರಕಾಶಕರ ಹತ್ತು ವರ್ಷದ ಮಗ ಹಸ್ತಪ್ರತಿಯನ್ನು ಓದಿ ಚೆನ್ನಾಗಿದೆ ಎಂದು ಬರೆದುಕೊಟ್ಟ, ಅದಕ್ಕೆ ಒಂದು ಷಿಲಿಂಗ್ ಸಂಭಾವನೆ ಪಡೆದ. ಪುಸ್ತಕ ಗೆದ್ದಿತು. ಮುಂದಿನದು ಕೊಡಿ ಎಂದಾಗ ಟೋಲ್ಕಿನ್ ತಮ್ಮ ಪುರಾಣದ ಹಾಳೆಗಳನ್ನು ಮುಂದಿಟ್ಟರು. ಪ್ರಕಾಶಕರು ನಯವಾಗಿ ಹಿಂದಿರುಗಿಸಿ, ಹಾಬಿಟ್‌ಗಳ ಕಥೆಯೇ ಇನ್ನಷ್ಟು ಬೇಕೆಂದರು. ಆ ಬೇಡಿಕೆ ಬೆಳೆದು 1954 ಮತ್ತು 1955ರಲ್ಲಿ 'ದ ಲಾರ್ಡ್ ಆಫ್ ದ ರಿಂಗ್ಸ್' ಆಯಿತು. ಅದನ್ನು ಮೂರು ಕಾದಂಬರಿಗಳೆಂದು ಹೇಳುವ ರೂಢಿ ಇದೆ. ಅದು ಒಂದೇ ಕಾದಂಬರಿ. ಕಾಗದದ ಬೆಲೆ ಏರಿದ್ದ ಕಾಲದಲ್ಲಿ ಮೂರು ಸಂಪುಟಗಳಾಗಿ ಒಡೆಯಿತು. ಆದ್ದರಿಂದ ನಡುವಿನ ಸಂಪುಟದಿಂದ ತೊಡಗುವ ಸಾಹಸ ಬೇಡ.

ಈ ಪುಸ್ತಕಗಳ ಕ್ರಮದೊಳಗೆ ಒಂದು ತಮಾಷೆಯೂ ಇದೆ. 'ಹಾಬಿಟ್'ನ ಮೊದಲ ಮುದ್ರಣದಲ್ಲಿ ಗೊಲಮ್ ಎಂಬ ಗುಹೆಯ ಜೀವಿ ಒಗಟಿನ ಪಂದ್ಯಕ್ಕೆ ತನ್ನ ಉಂಗುರವನ್ನು ತಾನಾಗಿಯೇ ಪಣ ಇಟ್ಟಿತ್ತು. ಮುಂದಿನ ಕಾದಂಬರಿಯಲ್ಲಿ ಆ ಉಂಗುರ ಯಾರೂ ಬಿಟ್ಟುಕೊಡಲಾಗದ ವಿಷವಸ್ತುವಾಗಿ ಬೆಳೆಯಿತು. ಹೊಂದಿಕೆಯಾಗಲಿಲ್ಲ. ಟೋಲ್ಕಿನ್ ಆ ಅಧ್ಯಾಯವನ್ನೇ ತಿದ್ದಿ ಬರೆದರು, 1951ರ ಮುದ್ರಣದಲ್ಲಿ ಅದು ಸೇರಿತು. ಹಳೆಯ ಪಾಠ ಏನಾಯಿತು ಎಂದರೆ, ಬಿಲ್ಬೋ ತನ್ನ ಗೆಳೆಯರಿಗೆ ಮೊದಲು ಹೇಳಿದ್ದ ಸುಳ್ಳು ಅದು ಎಂದು ಕಥೆಯೊಳಗೇ ಸಮಾಧಾನ ಒದಗಿಸಿದರು! 'ಹಾಬಿಟ್' ಓದಿಕೊಂಡು ಹೋದವನಿಗಷ್ಟೇ ಆ ಸುಳ್ಳಿನ ಮಹತ್ವ ತಿಳಿಯುತ್ತದೆ. ಉಂಗುರ ಆಗಲೇ ತನ್ನ ಕೆಲಸ ಶುರುಮಾಡಿತ್ತು.

ಆದ್ದರಿಂದ ಮೊದಲು 'ಹಾಬಿಟ್', ನಂತರ 'ಲಾರ್ಡ್ ಆಫ್ ದ ರಿಂಗ್ಸ್'. 'ಹಾಬಿಟ್'ನ ಮಕ್ಕಳ ಧಾಟಿ ಒಗ್ಗದ ಪ್ರಾಯದವರು ನೇರವಾಗಿ ಎರಡನೆಯದಕ್ಕೆ ಹೋದರೂ ಪ್ರಮಾದವಿಲ್ಲ. ಅದರ ಆರಂಭದಲ್ಲಿರುವ ಹಾಬಿಟ್‌ಗಳ ಕುಲಗೋತ್ರದ ಪೀಠಿಕೆಯನ್ನು ದಾಟಿ ಹೋಗಿ ಆಮೇಲೆ ಓದಿಕೊಳ್ಳಬಹುದು. ಅನುಬಂಧಗಳನ್ನು ಮಾತ್ರ ಬಿಡಬಾರದು. ಅರಗಾರ್ನ್ ಮತ್ತು ಅರ್ವೆನ್ನರ ಪ್ರೇಮಕಥೆಯ ಹೆಚ್ಚಿನ ಪಾಲು ಇರುವುದು ಅಲ್ಲೇ. 'ಸಿಲ್ಮರಿಲಿಯನ್' ಕೊನೆಗಿರಲಿ. ಇದೇ ಮೊದಲ ಭಾಗವೆಂದು ತಿಳಿದು ಅದನ್ನೆತ್ತಿಕೊಂಡು, ಹೆಸರುಗಳ ಕಾಡಿನಲ್ಲಿ ದಾರಿ ತಪ್ಪಿ, ಟೋಲ್ಕಿನ್ ಸಹವಾಸವೇ ಬೇಡವೆಂದು ಬಿಟ್ಟವರಿದ್ದಾರೆ. ಅದೇ ಪುಸ್ತಕವನ್ನು ಮೂರನೆಯದಾಗಿ ತೆಗೆದವರು, ಫ್ರೋಡೋನ ಪಯಣದಲ್ಲಿ ಹಾಡಿನ ಎರಡು ಸಾಲಾಗಿ ಕೇಳಿದ್ದ ಹೆಸರುಗಳು ಮೈ ತುಂಬಿಕೊಂಡು ಎದುರು ನಿಲ್ಲುವುದನ್ನು ಕಾಣುತ್ತಾರೆ.

ಅರ್ಸುಲಾ ಕೆ. ಲೆ ಗ್ವಿನ್ ಅವರ ಅರ್ಥ್‌ಸೀ ಪುಸ್ತಕಗಳು ಕನ್ನಡದ ಓದುಗರಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ, ಇರಬೇಕಿತ್ತು. ದ್ವೀಪಗಳ ಆ ಲೋಕದಲ್ಲಿ ವಸ್ತುವಿನ ನಿಜನಾಮ ಬಲ್ಲವನಿಗೆ ಅದರ ಮೇಲೆ ಅಧಿಕಾರ. 1968ರ 'ಎ ವಿಜಾರ್ಡ್ ಆಫ್ ಅರ್ಥ್‌ಸೀ'ಯಲ್ಲಿ ಆಡು ಕಾಯುವ ಹುಡುಗನೊಬ್ಬ ರೋಕ್ ದ್ವೀಪದ ಮಾಂತ್ರಿಕರ ಶಾಲೆಗೆ ಹೋಗುತ್ತಾನೆ. ಹಾರಿ ಪಾಟರ್ ಹುಟ್ಟುವುದಕ್ಕೆ ಇನ್ನೂ ಮೂರು ದಶಕ ಬಾಕಿ ಇತ್ತು. ಆ ಶಾಲೆಯಲ್ಲಿ ಗಂಡಸರಿಗಷ್ಟೇ ಪ್ರವೇಶ. ಹೆಂಗಸರ ಮಂತ್ರ ದುರ್ಬಲ, ಕೆಟ್ಟದ್ದು ಎಂದು ಅಲ್ಲಿಯ ಜನ ಆಡಿಕೊಳ್ಳುತ್ತಾರೆ. ಓದುಗ ಅದನ್ನು ಆ ಲೋಕದ ನಿಯಮವೆಂದು ಒಪ್ಪಿಕೊಂಡು ಮುಂದೆ ಹೋಗುತ್ತಾನೆ. 'ದ ಟೂಂಬ್ಸ್ ಆಫ್ ಅಟುವಾನ್', 1972ರ 'ದ ಫಾರ್ದೆಸ್ಟ್ ಶೋರ್' ಆದ ಮೇಲೆ ಹದಿನೆಂಟು ವರ್ಷ ಕಾದಂಬರಿಯಿಲ್ಲ. 1990ರಲ್ಲಿ 'ತೆಹಾನು' ಬಂತು. ಮಹಾಮಾಂತ್ರಿಕ ಗೆಡ್ ಶಕ್ತಿ ಕಳೆದುಕೊಂಡು ಮನೆಗೆ ಬಂದಿದ್ದಾನೆ. ಕಥೆ ನಡೆಯುವುದು ಒಬ್ಬ ವಿಧವೆ ಮತ್ತು ಬೆಂಕಿಯಲ್ಲಿ ಸುಟ್ಟ ಒಂದು ಹುಡುಗಿಯ ಸುತ್ತ. ಮೊದಲ ಪುಸ್ತಕದಲ್ಲಿ ಸುಮ್ಮನೆ ಒಪ್ಪಿಕೊಂಡದ್ದನ್ನು ಈ ಪುಸ್ತಕ ಮೆಲ್ಲಗೆ ಪ್ರಶ್ನಿಸುತ್ತದೆ. 2001ರ 'ಟೇಲ್ಸ್ ಫ್ರಂ ಅರ್ಥ್‌ಸೀ'ಯ ಮೊದಲ ಕಥೆ ನೂರಾರು ವರ್ಷ ಹಿಂದಕ್ಕೆ ಹೋಗಿ ಆ ಶಾಲೆ ಹೇಗೆ ಸ್ಥಾಪನೆಯಾಯಿತೆಂದು ಹೇಳುತ್ತದೆ. ಅಲ್ಲಿ ತಿಳಿಯುವುದೇನೆಂದು ಇಲ್ಲಿ ಹೇಳುವುದು ಅನ್ಯಾಯ. ಆದರೆ ಕಾಲಕ್ರಮದ ಹಟದಿಂದ ಅದನ್ನು ಮೊದಲೇ ಓದಿದವನಿಗೆ ಆ ನಿಯಮವನ್ನು ತಾನೂ ಒಪ್ಪಿದ್ದೆನಲ್ಲ ಎಂದು ನಾಚುವ ಅವಕಾಶವೇ ಇರುವುದಿಲ್ಲ. ಲೆ ಗ್ವಿನ್ ಮೂವತ್ತು ವರ್ಷ ತೆಗೆದುಕೊಂಡು ತಿದ್ದಿದ್ದು ತನ್ನನ್ನು. ಜೊತೆಗೆ ಬಂದ ಓದುಗನನ್ನೂ ತಿದ್ದಿದರು. ಆ ಕಥಾಸಂಕಲನದ ಕೊನೆಯ ಕಥೆ 'ಡ್ರಾಗನ್‌ಫ್ಲೈ' ಆರನೆಯ ಪುಸ್ತಕ 'ದ ಅದರ್ ವಿಂಡ್'ಗೆ ಸೇತುವೆ. ಅದನ್ನು ಹಾರಿಸಿದರೆ ಕಡೆಯ ಕಾದಂಬರಿ ಕುಂಟುತ್ತದೆ.

ಎಲ್ಲ ಮಾಲೆಗಳಿಗೂ ಇದೇ ಅಳತೆ ಹೊಂದುವುದಿಲ್ಲ. ಟೆರಿ ಪ್ರಾಚೆಟ್ ಅವರ ಡಿಸ್ಕ್‌ವರ್ಲ್ಡ್‌ನಲ್ಲಿ 41 ಕಾದಂಬರಿಗಳಿವೆ. ಅದು ಸರಪಳಿಯಲ್ಲ, ಹಲವು ಬಾಗಿಲುಗಳ ಪೇಟೆ. ಮೊದಲನೆಯದಾದ 1983ರ 'ದ ಕಲರ್ ಆಫ್ ಮ್ಯಾಜಿಕ್' ಬೇರೆ ಫ್ಯಾಂಟಸಿ ಕಾದಂಬರಿಗಳನ್ನು ಅಣಕಿಸುವ ಪುಸ್ತಕ. ಆ ಮೂಲಗಳನ್ನು ಓದದವನಿಗೆ ನಗು ಅರ್ಧವೇ ಸಿಗುತ್ತದೆ. ಸಾವು ಎಂಬಾತ ಒಬ್ಬ ಹುಡುಗನನ್ನು ಕೆಲಸ ಕಲಿಯಲು ಇಟ್ಟುಕೊಳ್ಳುವ 'ಮಾರ್ಟ್', ನಗರದ ಕಾವಲುಗಾರರ ಮೊದಲ ಕಥೆ 'ಗಾರ್ಡ್ಸ್! ಗಾರ್ಡ್ಸ್!', ಯಾವುದಕ್ಕೂ ಅಂಟಿಕೊಳ್ಳದ 'ಸ್ಮಾಲ್ ಗಾಡ್ಸ್', ಇವುಗಳಲ್ಲಿ ಯಾವುದಾದರೂ ಒಂದರಿಂದ ಒಳಗೆ ಹೋಗಬಹುದು. ಒಳಹೊಕ್ಕ ಮೇಲೆ ಕಾವಲುಗಾರರ ಕಥೆಗಳನ್ನಾದರೂ ಬಂದ ಕ್ರಮದಲ್ಲಿ ಓದಿದರೆ ಒಳ್ಳೆಯದು, ಏಕೆಂದರೆ ಕುಡುಕ ಕ್ಯಾಪ್ಟನ್ ವೈಮ್ಸ್ ಪುಸ್ತಕದಿಂದ ಪುಸ್ತಕಕ್ಕೆ ಬೇರೆ ಮನುಷ್ಯನಾಗುತ್ತಾನೆ.

ಮುಗಿಯದ ಮಾಲೆಗಳ ವಿಷಯ ಬೇರೆ. ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ಮಾಲೆ 1996ರಲ್ಲಿ ತೊಡಗಿತು. ಐದನೆಯ ಸಂಪುಟ ಬಂದದ್ದು 2011ರಲ್ಲಿ, ಮುಂದಿನ ಹತ್ತು ವರ್ಷದಲ್ಲಿ ಆರನೆಯದು ಬರಲಿಲ್ಲ. ಕಾಯುವ ತಾಳ್ಮೆ ಇರುವವರು ಅದನ್ನು ಹಿಡಿಯಲಿ.

ಪ್ರಾಚೆಟ್ 2015ರ ಮಾರ್ಚಿಯಲ್ಲಿ ತೀರಿಕೊಂಡರು. ಮರೆವಿನ ಕಾಯಿಲೆ ಹತ್ತಿದ ಮೇಲೂ ಬರೆಯುತ್ತಲೇ ಇದ್ದರು. ಕಡೆಯ ಕಾದಂಬರಿ 'ದ ಷೆಪರ್ಡ್ಸ್ ಕ್ರೌನ್' ಅದೇ ವರ್ಷ, ಅವರಿಲ್ಲದಾಗ ಹೊರಬಂತು. ಉಳಿದ ನಲವತ್ತನ್ನು ಯಾವ ಬಾಗಿಲಿನಿಂದ ಹೊಕ್ಕು ಹೇಗೆ ಓದಿದರೂ ಸರಿ, ಇದೊಂದನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ತೆಗೆಯಬೇಕು.