ಬಾಗಿಲ ಮೇಲೊಂದು ಹೆಸರು



ವೇಲ್ಸ್ ನಾಡಿನ ಕಾರ್ಡಿಫ್ ನಗರದಲ್ಲಿ ‘ವಲ್ಕನ್’ ಎಂಬ ಮದ್ಯದಂಗಡಿ ಶುರುವಾದದ್ದು 1853ರಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಪಕ್ಕದಲ್ಲೇ ನ್ಯೂಟೌನ್ ಕೇರಿ. ಬರಗಾಲದಲ್ಲಿ ಐರ್ಲೆಂಡ್ ಬಿಟ್ಟು ಬಂದು, ಬಂದರಿನಲ್ಲಿ ಕೂಲಿ ಮಾಡಿದವರು ಅಲ್ಲಿದ್ದರು.

ಆಗ ಅಂಗಡಿ ನಡೆಸಲು ಮ್ಯಾಜಿಸ್ಟ್ರೇಟರ ಲೈಸೆನ್ಸ್ ಬೇಕಿತ್ತು. ವರ್ಷ ವರ್ಷ ಅದು ಹೊಸದಾಗಬೇಕಿತ್ತು. ಲೈಸೆನ್ಸ್‌ದಾರನ ಹೆಸರು ಬಾಗಿಲ ಮೇಲಿರಬೇಕಿತ್ತು. ಅಮಲೇರಿದವನಿಗೆ ಮತ್ತೆ ಸುರಿದರೆ ದಂಡ ಬೀಳುತ್ತಿದ್ದುದು ಆ ಹೆಸರಿನವನಿಗೇ. ಅಂಥ ಅಂಗಡಿಗಳಲ್ಲಿ ಗಂಡ ತೀರಿಕೊಂಡರೆ ಲೈಸೆನ್ಸ್ ಹೆಂಡತಿಯ ಹೆಸರಿಗೆ ವರ್ಗವಾಗುವುದೂ ಇತ್ತು. ಗಲ್ಲಾಪೆಟ್ಟಿಗೆ ಅವಳಿಗೆ ಹೊಸದೇನಲ್ಲವಲ್ಲ!

1881ರ ಕಾಯಿದೆ ವೇಲ್ಸಿನ ಮದ್ಯದಂಗಡಿಗಳನ್ನು ಭಾನುವಾರ ಮುಚ್ಚಿಸಿತು. ನೆರೆಯ ಮನ್‌ಮತ್‌ಶೈರಿಗೆ ಅದು ಆಗ ಅನ್ವಯಿಸಲಿಲ್ಲ. ಬಾಯಾರಿದವರು ಗಡಿ ದಾಟಿದರು. ನಮಗೆ ಇದನ್ನು ಬಿಡಿಸಿ ಹೇಳಬೇಕೇ?

ಮುಂದೆ ನ್ಯೂಟೌನಿನ ಮನೆಗಳನ್ನು ಕೆಡವಿದರು, ಜನ ಚದುರಿಹೋದರು. ಅವರ ಗುರುತಿಗೆ ಉಳಿದ ಕೆಲವೇ ಕಟ್ಟಡಗಳಲ್ಲಿ ವಲ್ಕನ್ ಒಂದು. ಉಳಿಸಿಕೊಡಿ ಎಂದು ಸಾವಿರಾರು ಜನ ಸಹಿ ಹಾಕಿದರೂ 2012ರಲ್ಲಿ ಅದು ಮುಚ್ಚಿತು. ಕುಡಿತವನ್ನು ನಾನು ಹೊಗಳುತ್ತಿಲ್ಲ. ಆ ಸಹಿಗಳು ಬರೀ ಬಿಯರಿಗಾಗಿ ಬಿದ್ದವಲ್ಲ.

ಕಟ್ಟಡವನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿ, ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯದ ಬಯಲಿನಲ್ಲಿ 1915ರ ರೂಪದಲ್ಲಿ ಮತ್ತೆ ಕಟ್ಟಿದ್ದಾರೆ. 2024ರಲ್ಲಿ ಬಾಗಿಲು ತೆರೆಯಿತು; ನೆಲಕ್ಕೆ ಹಿಂದಿನಂತೆ ಮರದ ಹೊಟ್ಟು ಹರಡಿದ್ದಾರೆ.