ಒಬ್ಬ ಗವರ್ನರನ ಉಯಿಲು



ಕನ್ನಡದ ದಾನಶಾಸನಗಳನ್ನು ಓದುವುದರಲ್ಲಿ, ಓದಿಸುವುದರಲ್ಲಿ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ಅವುಗಳ ರಚನಾಕ್ರಮ ತಮಗೆ ಅಪರಿಚಿತವೇನಲ್ಲ. ಮೊದಲಿಗೆ ದೇವತಾಸ್ತುತಿ, ಅನಂತರ ಅರಸನ ವಂಶಾವಳಿ, ದಾನಿಯ ಗುಣವರ್ಣನೆ, ಆಮೇಲೆ ದತ್ತಿ ಬಿಟ್ಟ ಭೂಮಿಯ ಎಲ್ಲೆಕಟ್ಟುಗಳು, ಕಡೆಗೆ, ಈ ಧರ್ಮವನ್ನು ಕೆಡಿಸಿದವರಿಗೆ ಘೋರ ಪಾಪ ತಟ್ಟಲೆಂಬ ಶಾಪ. ಸೂರ್ಯಚಂದ್ರರಿರುವ ತನಕ, ಆಚಂದ್ರಾರ್ಕವಾಗಿ, ತನ್ನ ದತ್ತಿ ನಡೆಯಬೇಕೆಂಬುದು ದಾನಿಯ ಆಸೆ. ಇಂಥ ಓದಿಗೆ ಪಳಗಿದ ಕಣ್ಣಿಗೆ ಒಮ್ಮೆ ಇಂಗ್ಲಿಷ್ ಗವರ್ನರನೊಬ್ಬನ ಉಯಿಲು ಬಿತ್ತು. ಅದನ್ನೂ ನಾನು ಶಾಸನವೆಂದೇ ಓದಿದೆ. ಅದರೊಳಗಿನ ಒಂದು ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆತನ ಹೆಸರು ಕ್ರಿಸ್ಟಫರ್ ಕಾಡ್ರಿಂಗ್ಟನ್. ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ 1668ರಲ್ಲಿ ಹುಟ್ಟಿದವನು. ಆತನ ತಂದೆ ದೊಡ್ಡ ಕಬ್ಬಿನ ತೋಟಗಳ ಒಡೆಯ. ಲೀವರ್ಡ್ ದ್ವೀಪಗಳ ಗವರ್ನರ್. ಮಗ ಆಕ್ಸ್‌ಫರ್ಡಿನಲ್ಲಿ ಓದಿ, 1690ರಲ್ಲಿ ಅಲ್ಲಿನ ಆಲ್ ಸೋಲ್ಸ್ ಕಾಲೇಜಿನ ಫೆಲೋ ಆದ. ಪುಸ್ತಕಗಳನ್ನು ಪ್ರೀತಿಯಿಂದ ಸಂಗ್ರಹಿಸಿದ. ಮೂರನೆಯ ವಿಲಿಯಂ ದೊರೆಯ ಸೈನ್ಯದಲ್ಲಿ ಕಾದಾಡಿದ. ತಂದೆಯ ಕಾಲಾನಂತರ ಅದೇ ಗವರ್ನರ್ ಪದವಿ ಇವನಿಗೆ ಬಂತು. 1703ರಲ್ಲಿ ಫ್ರೆಂಚರ ಗ್ವಾಡೆಲೂಪ್ ದ್ವೀಪದ ಮೇಲೆ ನಡೆಸಿದ ದಂಡಯಾತ್ರೆ ವಿಫಲವಾಯಿತು, ಆರೋಗ್ಯ ಕೆಟ್ಟಿತು, ಪದವಿಯೂ ಹೋಯಿತು. ಬಾರ್ಬಡೋಸಿಗೆ ಮರಳಿ, ಓದಿನಲ್ಲಿ ಕಾಲ ಕಳೆದು, 1710ರಲ್ಲಿ ತೀರಿಕೊಂಡ.

ಈತನ ಕಾಗದಪತ್ರಗಳಲ್ಲಿ ಎರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದು, 1701ರ ಡಿಸೆಂಬರಿನಲ್ಲಿ ಲಂಡನ್ನಿನ ಅಧಿಕಾರಿಗಳಿಗೆ ಬರೆದ ಪತ್ರ. ಆ ತಿಂಗಳು ಆಂಟಿಗುವಾ ದ್ವೀಪದಲ್ಲಿ ಮೇಜರ್ ಮಾರ್ಟಿನ್ ಎಂಬ ತೋಟದೊಡೆಯನನ್ನು ಅವನ ಗುಲಾಮರೇ ಕೊಂದರು. ಅವರು ಆಫ್ರಿಕದ ಗೋಲ್ಡ್ ಕೋಸ್ಟಿನಿಂದ, ಎಂದರೆ ಇಂದಿನ ಘಾನಾದ ಕರಾವಳಿಯಿಂದ, ಹಡಗಿನಲ್ಲಿ ತಂದು ಮಾರಿದ ಜನ. ಕೊರೊಮಾಂಟಿಗಳೆಂದು ಅವರನ್ನು ಕರೆಯುತ್ತಿದ್ದರು. ಗವರ್ನರನಾದವನು ಅವರನ್ನು ಮೃಗಗಳೆಂದು ಜರೆದಿದ್ದರೆ ಆಶ್ಚರ್ಯವಿರಲಿಲ್ಲ. ಈತ ಹಾಗೆ ಬರೆಯಲಿಲ್ಲ. ಆ ಒಡೆಯನದೇ ಏನೋ ವಿಪರೀತ ಕ್ರೌರ್ಯವಿದ್ದಿರಬೇಕೆಂದು ಶಂಕಿಸಿದ. ಕೊರೊಮಾಂಟಿಗಳು ಹುಟ್ಟುವೀರರು, ಉಪಕಾರವನ್ನು ಮರೆಯದವರು ಎಂದು ಮನಸಾರೆ ಹೊಗಳಿದ. ಈತನಿಗೆ ಕಣ್ಣಿತ್ತು, ಮನುಷ್ಯರನ್ನು ಮನುಷ್ಯರೆಂದು ಗುರುತಿಸುವ ಶಕ್ತಿಯೂ ಇತ್ತು.

ಎರಡನೆಯದೇ ಆ ಉಯಿಲು. ಪತ್ರ ಬರೆದ ಒಂದೇ ವರ್ಷದ ಮೇಲೆ, 1703ರ ಫೆಬ್ರುವರಿಯಲ್ಲಿ, ಗ್ವಾಡೆಲೂಪಿನ ಯುದ್ಧದ ಹೊಸ್ತಿಲಲ್ಲಿ ಬರೆದದ್ದು. ಆಲ್ ಸೋಲ್ಸ್ ಕಾಲೇಜಿಗೆ 10,000 ಪೌಂಡು ಹಣ, ಜೊತೆಗೆ 6,000 ಪೌಂಡು ಬೆಲೆಯ ಪುಸ್ತಕಗಳು. ಬಾರ್ಬಡೋಸಿನ ಎರಡು ತೋಟಗಳು, 1701ರಲ್ಲಿ ಸ್ಥಾಪನೆಯಾಗಿದ್ದ ಕ್ರೈಸ್ತಮತ ಪ್ರಸಾರದ ಸೊಸೈಟಿಗೆ. ಅಲ್ಲೊಂದು ವಿದ್ಯಾಸಂಸ್ಥೆ ಏಳಬೇಕು. ಅಲ್ಲಿನ ವಿದ್ವಾಂಸರು ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತ ಹಿಡಿಯಬೇಕು. ಧರ್ಮಶಾಸ್ತ್ರದ ಜೊತೆಗೆ ವೈದ್ಯವನ್ನೂ ಶಸ್ತ್ರಚಿಕಿತ್ಸೆಯನ್ನೂ ಕಲಿತು, ದೇಹಕ್ಕೆ ಮದ್ದು ಕೊಡುತ್ತ ಆತ್ಮಕ್ಕೂ ಹಿತ ಮಾಡಬೇಕು. ಎಷ್ಟು ಉದಾತ್ತವಾದ ದಾನ! ನಮ್ಮ ಶಾಸನಕವಿ ಇದನ್ನು ಬರೆದಿದ್ದರೆ ದಾನಿಯನ್ನು ಕಲ್ಪವೃಕ್ಷವೆಂದು ಕೊಂಡಾಡುತ್ತಿದ್ದ.

ಅದೇ ವಾಕ್ಯಗಳ ನಡುವೆ ಇನ್ನೊಂದು ಷರತ್ತು ಇದೆ. ತೋಟಗಳನ್ನು ಒಡೆಯಬಾರದು, ಅವುಗಳಲ್ಲಿ ಯಾವಾಗಲೂ ಕಡಿಮೆಯೆಂದರೆ ಮುನ್ನೂರು ಮಂದಿ ನೀಗ್ರೋಗಳನ್ನು ಇರಿಸಬೇಕು.

ಯಾವಾಗಲೂ! ನಮ್ಮ ಆಚಂದ್ರಾರ್ಕವೇ ಅಲ್ಲವೇ ಇದು? ಹುಟ್ಟುವೀರರೆಂದು ಬರೆದ ಕೈಯೇ ಅವರನ್ನು ಮುನ್ನೂರು ಎಂಬ ಅಂಕಿಯಾಗಿಸಿ ಶಾಶ್ವತ ದತ್ತಿಯೊಳಗೆ ಸೇರಿಸಿಬಿಟ್ಟಿತು. ಆ ದ್ವೀಪದ ಕಬ್ಬಿನ ತೋಟಗಳಲ್ಲಿ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. ಆದ್ದರಿಂದ ‘ಇರಿಸಬೇಕು’ ಎಂಬುದರ ಅರ್ಥ, ಸತ್ತವರ ಜಾಗಕ್ಕೆ ಹಡಗಿನಿಂದಿಳಿದ ಹೊಸಬರನ್ನು ಕೊಳ್ಳುತ್ತಲೇ ಹೋಗಬೇಕು ಎಂದು. ಸೊಸೈಟಿ ಹಾಗೆಯೇ ಕೊಂಡಿತು. ಕೆಲವು ಕಾಲ ಆ ಗುಲಾಮರ ಎದೆಯ ಮೇಲೆ ಕಾದ ಕಬ್ಬಿಣದಿಂದ ‘ಸೊಸೈಟಿ’ ಎಂಬ ಅಕ್ಷರಗಳನ್ನೇ ಬರೆಯಿಸಿತು. ನಾವು ಕಲ್ಲಿನ ಮೇಲೆ ದಾನಶಾಸನ ಕೆತ್ತಿಸಿದೆವು. ಅಲ್ಲಿ ಅದನ್ನು ಮನುಷ್ಯನ ಚರ್ಮದ ಮೇಲೆ ಬರೆದರು.

ದಾನ ಫಲಿಸಲಿಲ್ಲವೆಂದಲ್ಲ. ಬಾರ್ಬಡೋಸಿನಲ್ಲಿ 1745ರಲ್ಲಿ ಶಾಲೆ ತೆರೆಯಿತು. ಮುಂದೆ ಅದು ಕಾಡ್ರಿಂಗ್ಟನ್ ಕಾಲೇಜು ಎನಿಸಿತು. ಆಕ್ಸ್‌ಫರ್ಡಿನಲ್ಲಿ ಹಾಕ್ಸ್‌ಮೂರ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಭವ್ಯವಾದ ಗ್ರಂಥಾಲಯ ಎದ್ದಿತು. ರೋಮನ್ ಉಡುಪು ತೊಟ್ಟ ದಾನಿಯ ಪ್ರತಿಮೆ ಅದರೊಳಗೆ ನಿಂತಿತು. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ರಾಧಾಕೃಷ್ಣನ್ ಅವರು, ಮುಂದೆ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಇದೇ ಆಲ್ ಸೋಲ್ಸಿನ ಫೆಲೋ ಆಗಿದ್ದರು. ಗ್ರಂಥಾಲಯವೆಂದರೆ ದೇಗುಲವೆಂದು ನಂಬಿ ಬೆಳೆದ ನನ್ನಂಥವನಿಗೆ ಆ ಕಟ್ಟಡದ ಚಿತ್ರ ಕಂಡರೆ ಕೈ ತಾನಾಗಿ ಮುಗಿಯುತ್ತದೆ. ಆ ಕೈಯನ್ನು ಈ ಉಯಿಲು ತಡೆಯಿತು.

ಬ್ರಿಟಿಷ್ ಪಾರ್ಲಿಮೆಂಟು 1833ರಲ್ಲಿ ಗುಲಾಮಗಿರಿಯನ್ನು ತೆಗೆದುಹಾಕಿದಾಗ ಪರಿಹಾರಧನ ದೊರೆತದ್ದು ಗುಲಾಮರಿಗಲ್ಲ, ಒಡೆಯರಿಗೆ. ಈ ತೋಟಗಳ 411 ಮಂದಿಗಾಗಿ ಸೊಸೈಟಿಗೆ ಸಂದದ್ದು 8,823 ಪೌಂಡು, 8 ಷಿಲಿಂಗು, 9 ಪೆನ್ಸು. ಲೆಕ್ಕದಲ್ಲಿ ಒಂದು ಪೆನ್ನಿಯೂ ತಪ್ಪಿಲ್ಲ. 2006ರಲ್ಲಿ ಇಂಗ್ಲೆಂಡಿನ ಚರ್ಚು ಕ್ಷಮೆ ಕೇಳಿತು. 2018ರಲ್ಲಿ ಆಲ್ ಸೋಲ್ಸ್ ತನ್ನ ಗ್ರಂಥಾಲಯದ ಬಾಗಿಲಲ್ಲಿ, ಆ ತೋಟಗಳಲ್ಲಿ ದುಡಿದ ಗುಲಾಮರ ನೆನಪಿಗೆ ಫಲಕವೊಂದನ್ನು ಹಾಕಿಸಿತು. 2020ರಲ್ಲಿ ಗ್ರಂಥಾಲಯದ ಹೆಸರಿನಿಂದ ಕಾಡ್ರಿಂಗ್ಟನ್ ಎಂಬುದನ್ನು ಕೈಬಿಟ್ಟಿತು. ಪ್ರತಿಮೆಯನ್ನು ಮಾತ್ರ ಉಳಿಸಿಕೊಂಡಿತು. ಅದು ಸರಿಯೆಂದೇ ನನ್ನ ಭಾವನೆ. ಪ್ರತಿಮೆಯೂ ಇರಲಿ, ಫಲಕವೂ ಇರಲಿ. ಪತ್ರವೂ ಇರಲಿ, ಉಯಿಲೂ ಇರಲಿ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ದೇವತೆಯೋ ರಾಕ್ಷಸನೋ ಕಾಣುತ್ತಾನೆ. ಎರಡನ್ನೂ ಓದಿದಾಗ ಕಾಣುವವನು ನಮ್ಮಂಥ ಓದಿದ ಮನುಷ್ಯ. ಹೆದರಿಕೆಯಾಗುವುದು ಅಲ್ಲಿಯೇ.

ನಮ್ಮ ಅಗ್ರಹಾರಗಳ ದತ್ತಿಯನ್ನು ಆ ತೋಟಗಳೊಡನೆ ಸಮನಾಗಿ ತೂಗುವುದು ನ್ಯಾಯವಲ್ಲ. ಆದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ದಾನಿಯ ಹೆಸರು, ದಾನ ಪಡೆದವನ ಹೆಸರು, ಗದ್ದೆಯ ಮೂಡಣ ಎಲ್ಲೆಯ ಹುಣಿಸೆಮರ, ಇವೆಲ್ಲ ನಮ್ಮ ಶಾಸನಗಳಲ್ಲಿ ದೊರೆಯುತ್ತವೆ. ಆ ಗದ್ದೆಯನ್ನು ಉತ್ತವನ ಹೆಸರು ದೊರೆಯುವುದು ವಿರಳ. ಇಷ್ಟು ವರ್ಷ ಪಾಠ ಹೇಳಿದೆ; ಆತ ಯಾರೆಂದು ನಾನು ಒಮ್ಮೆಯೂ ವಿದ್ಯಾರ್ಥಿಗಳನ್ನು ಕೇಳಲಿಲ್ಲ, ನನ್ನನ್ನೇ ಕೇಳಿಕೊಳ್ಳಲೂ ಇಲ್ಲ. ಈಗ ಎಲ್ಲೆಕಟ್ಟುಗಳು ಮುಗಿದ ಕೂಡಲೇ, ಶಾಪದ ಸಾಲಿಗೆ ಹೋಗುವ ಮೊದಲು, ಒಂದು ಕ್ಷಣ ನಿಲ್ಲುತ್ತೇನೆ. ಆ ಮುನ್ನೂರು ಮಂದಿ ನನಗೆ ಕಲಿಸಿದ ಪಾಠ ಅದು.